ವೈರ್ ಹಚ್ಚದ ಕೀಬೋರ್ಡು

ತಿಕೋಟಾದ ಮುಬೀನ ಕೀಬೋರ್ಡಿನ ಮುಂದೆ ನಿಂತರೆ ಹಾಡುವವರಿಗೆ ಧೈರ್ಯ. ಅವರು ಸ್ವರ ತಪ್ಪಿದರೂ ಆತ ಬೆನ್ನಿಗೇ ಹೋಗಿ ಹಿಡಿದುಕೊಳ್ಳುತ್ತಿದ್ದ. ಕೂತ ಜನಕ್ಕೆ ಗೊತ್ತೇ ಆಗುತ್ತಿರಲಿಲ್ಲ. ವಿಜಯಪುರದ ಬಸಲಿಂಗಯ್ಯನ ಆರ್ಕೆಸ್ಟ್ರಾ ಹೆಸರು ಮಾಡಿದ್ದು ಆ ಕೈಗಳಿಂದ. ಬಸಲಿಂಗಯ್ಯನೂ ಸ್ಟೇಜಿನ ಮೇಲೆ ಹೇಳುತ್ತಿದ್ದ: "ನಾ ಬರೇ ಮೈಕ್ ಹಿಡಿಯಾಂವ್ರಿ. ಆರ್ಕೆಸ್ಟ್ರಾ ಅಂದ್ರ ನಮ್ಮ ಮುಬೀನ."

ಕಾವ್ಯಾ ಎಂಬ ಹೊಸ ಗಾಯಕಿ ಸೇರಿದಾಗ ಬಸಲಿಂಗಯ್ಯ ಒಂದು ಮಾತು ಕೇಳಿದ. "ಆಕಿ ಮನ್ಯಾಗ ಪ್ರಾಕ್ಟೀಸ್ ಮಾಡಬೇಕಂತ. ಎಲ್ಲಾ ಹಾಡಿನ ಮ್ಯೂಸಿಕ್ ಬಾರಿಸಿ ಕೊಡು, ರೆಕಾರ್ಡ್ ಮಾಡ್ಕೋತೀನಿ."

ಮುಬೀನ ಖುಷಿಯಿಂದ ಒಪ್ಪಿದ. ತೊರವಿಯ ಒಂದು ಕೋಣೆಯಲ್ಲಿ, ಸದ್ದು ಬೀಳಬಾರದೆಂದು ಫ್ಯಾನ್ ಆರಿಸಿ, ಬೇಸಿಗೆಯ ಮೊದಲ ತಿಂಗಳಿಡೀ ಬೆವರು ಸುರಿಸುತ್ತ ಬಾರಿಸಿದ. ಕೀಬೋರ್ಡಿನಲ್ಲೇ ಕೊಳಲು ಬೇರೆ, ಸಿತಾರ ಬೇರೆ, ವಾಯಲಿನ್ ಬೇರೆ. ಮನಸ್ಸಿಗೆ ಬರುವ ತನಕ ಮತ್ತೆ ಮತ್ತೆ.

ಲಗ್ನದ ಸುಗ್ಗಿ ಬಂತು. ಜಲನಗರದ ಒಂದು ಲಗ್ನದಲ್ಲಿ ಮುಬೀನ ಕೀಬೋರ್ಡ್ ಇಟ್ಟು ವೈರ್ ಹುಡುಕುತ್ತಿದ್ದಾಗ ಬಸಲಿಂಗಯ್ಯ ತಡೆದ.

"ವೈರ್ ಬ್ಯಾಡ. ಲ್ಯಾಪ್‌ಟಾಪ್‌ನ್ಯಾಗ ಎಲ್ಲಾ ಐತಿ. ನೀ ಸುಮ್ನ ಬೆರಳಾಡಿಸು, ಸ್ಟೇಜ್ ಖಾಲಿ ಕಾಣಬಾರದು."

ಕಾವ್ಯಾ ತಲೆ ತಗ್ಗಿಸಿದಳು. ಸ್ಪೀಕರಿನಿಂದ ಹೊರಟದ್ದು ತೊರವಿಯ ಕೋಣೆಯಲ್ಲಿ ಅವನೇ ಬಾರಿಸಿದ್ದು.

"ನಾ ಏನ್ ಗೊಂಬಿ ಏನ್ರಿ ಅಯ್ಯಾರ?" ಎಂದವನೇ ಮುಬೀನ ಸ್ಟೇಜ್ ಇಳಿದ.

ತಿಕೋಟಾದಲ್ಲೇ ಇನ್ನೊಂದು ಆರ್ಕೆಸ್ಟ್ರಾ ನಡೆಸುತ್ತಿದ್ದ ಮಹಾದೇವನ ಹತ್ತಿರ ಕೆಲಸ ಕೇಳಿದ. ಮಹಾದೇವ ಮೊಬೈಲಿನಲ್ಲಿ ಒಂದು ಟ್ರ್ಯಾಕ್ ಹಚ್ಚಿದ. "ಇಂಥಾದ್ದು ಸಿಗಾಕತ್ತೈತಿ, ಕೀಬೋರ್ಡ್ ಮಾಸ್ತರ ಯಾಕ ಬೇಕ್ರಿ?"

"ಇದು ನಂದ ಕೈ ಐತ್ರಿ."

"ಹೌದ? ಛಲೋ ಬಾರಿಸೀರಿ ಬಿಡ್ರಿ. ಬಸಲಿಂಗಯ್ಯ ಕೊಟ್ಟಾನ. ಬಬಲೇಶ್ವರದ ಆರ್ಕೆಸ್ಟ್ರಾದವರೂ ಇದನ್ನ ಹಾಕತಾರ."

ಮುಬೀನ ಅಲ್ಲಿಂದ ನೇರ ಬಸಲಿಂಗಯ್ಯನ ಮನೆಗೆ ಹೋಗಿ ಬಾಯಿಗೆ ಬಂದಂತೆ ಬೈದ. ಬಸಲಿಂಗಯ್ಯ ಸಿಟ್ಟಾಗಲಿಲ್ಲ. "ನಾ ಮಾಡದಿದ್ರ ಮತ್ತೊಬ್ಬ ಮಾಡ್ತಿದ್ದ. ಕೋಟ್ ಹಾಕ್ಕೊಂಡು ನಿಲ್ಲೂದಿದ್ರ ಬಾ," ಎಂದ.

"ಹೋಗಬ್ಯಾಡ್ರಿ," ಎಂದಳು ಮನೆಯಲ್ಲಿ ಮುಬೀನನ ಹೆಂಡತಿ ಸಾಯಿರಾ. "ನಾ ಬಟ್ಟಿ ಹೊಲೀತೀನಿ. ಮನಿ ನಡೀತೈತಿ."

ಮನೆ ನಡೆಯಿತು. ಮುಬೀನನಿಗೆ ಮಾತ್ರ ದಿನ ಹೋಗಲಿಲ್ಲ. ಊರಲ್ಲಿ ಎಲ್ಲೇ ಪೆಂಡಾಲು ಕಂಡರೂ ದೂರ ನಿಂತು ನೋಡುತ್ತಿದ್ದ. ಚಳಿಗಾಲದ ಹೊತ್ತಿಗೆ ಸಾಯಿರಾಳಿಗೆ ಹೇಳದೆ ಬಸಲಿಂಗಯ್ಯನ ಗಾಡಿ ಹತ್ತಿದ.

ಬಬಲೇಶ್ವರದಲ್ಲಿ ಮಟಮಟ ಮಧ್ಯಾಹ್ನದ ಲಗ್ನ. ಹೊಳೆಯುವ ಕೋಟು ತೊಟ್ಟು ಮುಬೀನ ಬೆರಳಾಡಿಸುತ್ತಿದ್ದ. ಹಾಡು ಮುಗಿದಾಗ ಮದುಮಗಳ ಅಜ್ಜ ಕೋಲೂರುತ್ತ ಸ್ಟೇಜ್ ಹತ್ತಿ ಬಂದು ಅವನ ಎರಡೂ ಕೈ ಹಿಡಿದುಕೊಂಡ. ಮುದುಕನ ಕಣ್ಣು ತುಂಬಿದ್ದವು.

"ಯಪ್ಪಾ, ನಡುವ ಬಾರಿಸಿದೆಯಲ್ಲ, ಆ ತುಕಡಿ ಇನ್ನೊಮ್ಮಿ ಬಾರಸೋ. ಸ್ವಲ್ಪ ನಿಧಾನ. ನನ್ನ ಸಲುವಾಗಿ."

ಮುಬೀನ ಬಸಲಿಂಗಯ್ಯನ ಕಡೆ ನೋಡಿದ. ಬಸಲಿಂಗಯ್ಯ ತಲೆಯಾಡಿಸಿ ಮೈಕಿನಲ್ಲಿ, "ಟೈಮ್ ಇಲ್ಲರಿ ಅಜ್ಜಾರ," ಎಂದ.

ಅಜ್ಜ ಮತ್ತೂ ಮುಬೀನನ ಮುಖವನ್ನೇ ನೋಡಿದ. ಮುಬೀನ ವೈರಿಲ್ಲದ ಕೀಬೋರ್ಡಿನ ಕಡೆ ಮುಖ ತಿರುಗಿಸಿದ. ಅಜ್ಜ ಕೈ ಬಿಟ್ಟ.

"ಭಾಳ ಸೊಕ್ಕ ಐತಿ ನಿನಗ," ಎಂದು ಇಳಿದು ಹೋದ.

ಮುಂದಿನ ಹಾಡು ಆಗಲೇ ಶುರುವಾಗಿತ್ತು. ಮುಬೀನ ಬೆರಳು ಇಡುವುದು ತಡವಾಯಿತು. ಯಾರಿಗೂ ಗೊತ್ತಾಗಲಿಲ್ಲ.