ಯಾರೂ ಗೆಲ್ಲದ ಓಟ

ಸಲೂಮಾ ಬಾಯಲ್ಲೊಂದು ಖರ್ಜೂರ ಇಟ್ಟುಕೊಂಡು ಓಟದ ಹಾದಿಯ ಪಕ್ಕದ ಮರಳಿನಲ್ಲಿ ಕೂತಿದ್ದಳು. ಅಗಿಯುವಂತಿಲ್ಲ, ನುಂಗುವಂತಿಲ್ಲ. ಅದು ಸುಬೈತ್‌ನ ಅಪ್ಪಣೆ.

"ಮುಹನ್ನಾನ ತಾಯಿ, ಇವತ್ತೊಂದು ದಿನ ನಿನ್ನ ಬಾಯಿಗೆ ಬೀಗ," ಎಂದಿದ್ದ ಅವನು ಬೆಳಿಗ್ಗೆ, ತನ್ನ ಒಂಟೆಯ ಹೊಟ್ಟೆಪಟ್ಟಿ ಬಿಗಿಯುತ್ತ. "ನೀನು ಕೂಗಿದ್ರೆ ನಸ್ಮಾ ನಿಲ್ಲೋಳಲ್ಲ. ನಿನ್ನ ಮಗನ್ನೂ ಹೊತ್ಕೊಂಡು ಸಮುದ್ರದವರೆಗೂ ಹೋಗ್ತಾಳೆ."

"ನಾನೇನು ಅಷ್ಟು ಕೂಗ್ತೀನಾ ಅಣ್ಣಾ?"

"ಹಮ್ದಾನ್‌ನ ಕೇಳಬೇಕಿತ್ತು. ಆ ಪುಣ್ಯಾತ್ಮ ಬೇಗ ಹೋಗಿ ತನ್ನ ಕಿವಿ ಉಳಿಸ್ಕೊಂಡ."

ತೀರಿಹೋದ ಗಂಡನ ಹೆಸರನ್ನು ಹೀಗೆ ನಗುತ್ತ ಹೇಳುವವನು ಊರಿನಲ್ಲಿ ಇವನೊಬ್ಬನೇ. ಉಳಿದವರೆಲ್ಲ ಹಮ್ದಾನ್ ಅಂದ ಕೂಡಲೇ ದನಿ ಇಳಿಸುತ್ತಿದ್ದರು. ಸಲೂಮಾಗೆ ಅದಕ್ಕಿಂತ ಇದೇ ಇಷ್ಟ.

ಸುಬೈತ್ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ನಸ್ಮಾ ಸಲೂಮಾ ಸಾಕಿದ ಪಂದ್ಯದ ಒಂಟೆ. ಪಂದ್ಯದ ದಿನ ಅದರ ಬೆನ್ನ ಮೇಲೆ ಮನುಷ್ಯರಿರುವುದಿಲ್ಲ, ಬಣ್ಣದ ಅಂಗಿ ತೊಡಿಸಿದ ಪುಟ್ಟ ಯಂತ್ರವೊಂದು ಸವಾರನಾಗಿ ಕೂತಿರುತ್ತದೆ. ಪಕ್ಕದಲ್ಲೇ ಓಡುವ ಪಿಕಪ್ಪಿನಲ್ಲಿ ಕೂತು ಸಲೂಮಾ ವಾಕಿಟಾಕಿಯೊಳಗೆ "ಹೈ ಹೈ ನನ್ನ ಬಂಗಾರ" ಎಂದು ಕೂಗುತ್ತಾಳೆ. ಆ ಯಂತ್ರದ ಹೊಟ್ಟೆಯಿಂದ ಅವಳ ದನಿ ಹೊರಡುತ್ತದೆ. ಅಷ್ಟು ಕೇಳಿದರೆ ಸಾಕು, ನಸ್ಮಾ ಕುತ್ತಿಗೆ ನೀಳ ಮಾಡಿ, ಜಗತ್ತನ್ನೇ ಮರೆತು ಓಡುತ್ತದೆ. ಮರಿಯಾಗಿದ್ದಾಗಿನಿಂದ ಅವಳು ಕಲಿಸಿದ್ದು ಇದೊಂದೇ ಪಾಠ.

ಇವತ್ತಿನದು ಆ ಪಂದ್ಯವಲ್ಲ. ಇದು ಅಜ್ಜಂದಿರ ಕಾಲದ ಜೋಡಿ ಓಟ. ಇಬ್ಬರು ಸವಾರರು ಕೈ ಕೈ ಹಿಡಿದುಕೊಂಡು, ಎರಡು ಒಂಟೆಗಳನ್ನು ಹೆಗಲಿಗೆ ಹೆಗಲು ಕೂಡಿಸಿ, ಹಾದಿಯ ಈ ತುದಿಯಿಂದ ಆ ತುದಿಗೆ ನಾಗಾಲೋಟದಲ್ಲಿ ಓಡಿಸಬೇಕು. ಒಬ್ಬನ ಒಂಟೆ ಒಂದು ಗೇಣು ಮುಂದೆ ಹೋದರೂ ಇಬ್ಬರಿಗೂ ಮುಖಭಂಗ. ಇನ್ನು ನಡುಹಾದಿಯಲ್ಲಿ ಕೈ ಬಿಟ್ಟ ಜೋಡಿಯನ್ನಂತೂ ಊರು ಮತ್ತೆ ಜೋಡಿಯೆಂದು ಕರೆಯುವುದೇ ಇಲ್ಲ.

ಗಡ್ಡ ಮೂಡಿದಂದಿನಿಂದ ಹಮ್ದಾನ್ ಮತ್ತು ಸುಬೈತ್ ಜೋಡಿಯಾಗಿ ಓಡಿದವರು. ಹಮ್ದಾನ್ ಹೋದ ಮೇಲೆ ಸುಬೈತ್‌ನನ್ನು ಯಾರು ಯಾರೋ ಕರೆದರು. "ನನ್ನ ಬಲಗೈ ಇನ್ನೂ ಅವನ ಹತ್ರಾನೇ ಇದೆ" ಎಂದು ಎಲ್ಲರನ್ನೂ ಕಳಿಸಿದ. ನಾಲ್ಕು ಚಳಿಗಾಲ ಓಟದ ದಿನ ಬಂದು, ಹಾಡುವವರ ಸಾಲಿನಲ್ಲಿ ನಿಂತು ಹಾಡಿ ಹೋದ. ಈ ವರ್ಷ, ಮುಹನ್ನಾನ ಗಲ್ಲದ ಮೇಲೆ ಕೂದಲು ದಟ್ಟವಾದ ಮೇಲೆ, ಒಂದು ಸಂಜೆ ಬೇಲಿಯ ಹತ್ತಿರ ಬಂದು ನಿಂತು, "ಹುಡುಗನ್ನ ಕಳ್ಸು. ಅವನಪ್ಪನ ಜಾಗ ಖಾಲಿ ಇದೆ," ಎಂದಷ್ಟೇ ಹೇಳಿದ. ಸಲೂಮಾ ಮರುದಿನ ಒಂದು ಪಾತ್ರೆ ಒಂಟೆಹಾಲು ಕಳಿಸಿದಳು. ಪಾತ್ರೆ ತುಂಬ ಖರ್ಜೂರ ವಾಪಸ್ ಬಂತು. ಕೃತಜ್ಞತೆ ಹೇಳಲೂ ಜಾಗ ಕೊಡದ ಇಂಥ ಮನುಷ್ಯನಿಗೆ ಏನು ಮಾಡಬೇಕೆಂದು ಅವಳಿಗೆ ಗೊತ್ತಾಗಲಿಲ್ಲ.

"ಬರ್ತಿದಾರೆ," ಎಂದಳು ನಾದಿನಿ ಝಯಾನಾ, ಮೂಗಿನ ಮೇಲಿನ ಮುಸುಕು ಸರಿಪಡಿಸಿಕೊಳ್ಳುತ್ತ. "ಖರ್ಜೂರ ಇದೆಯಾ?"

ಸಲೂಮಾ ತಲೆಯಾಡಿಸಿದಳು.

ಮೊದಲು ಧೂಳು ಕಂಡಿತು, ಆಮೇಲೆ ಎರಡು ಕುತ್ತಿಗೆಗಳು, ಎರಡು ಬಿಳಿ ಅಂಗಿಗಳು. ನಡುವೆ, ಬಾಗಿಲಿಗೆ ಅಗುಳಿ ಹಾಕಿದ ಹಾಗೆ, ಕೂಡಿದ ಕೈಗಳು. ಎದುರು ಬದಿಯಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದ ಪ್ರವಾಸಿಗರು ಎದ್ದು ನಿಂತು ಫೋನು ಎತ್ತಿದರು. ಸುಬೈತ್‌ನ ರೀಮ್, ಸಲೂಮಾಳ ನಸ್ಮಾ, ಎರಡೂ ಒಂದೇ ಒಂಟೆಯ ಎಂಟು ಕಾಲಿನಂತೆ ಹೆಜ್ಜೆ ಹಾಕುತ್ತಿದ್ದವು. ಡುಬ್ಬದ ಹಿಂದೆ ಕೂತ ಮುಹನ್ನಾ ಅಪ್ಪನ ಹಾಗೆಯೇ ಎಡ ಭುಜ ಸ್ವಲ್ಪ ಇಳಿಸಿದ್ದ. ಅದನ್ನು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನಾಲ್ಕು ವರ್ಷ ಯಾರಿಗೂ ಕೊಡದೆ ಕಾದಿಟ್ಟ ಕೈ ತನ್ನ ಮಗನ ಕೈಯಲ್ಲಿರುವುದನ್ನು ಸಲೂಮಾ ಕಣ್ಣಾರೆ ಕಂಡಳು. ಎದೆ ತುಂಬಿ ಬಂತು. ಖರ್ಜೂರ ಎಲ್ಲಿ ಹೋಯಿತೋ ಏನೋ.

"ಹೈ ಹೈ ನನ್ನ ಬಂಗಾರ!"

ಕೂಗಿದ ಮೇಲೇ ಅವಳಿಗೆ ಗೊತ್ತಾದದ್ದು ಕೂಗಿದವಳು ತಾನು ಎಂದು. ಝಯಾನಾ ಅವಳ ಬಾಯಿಗೆ ಅಂಗೈ ಒತ್ತಿದಳು. ತಡವಾಗಿತ್ತು. ನಸ್ಮಾಳ ಕಿವಿ ಹಿಂದಕ್ಕೆ ಮಡಚಿಕೊಂಡಿತು, ಕುತ್ತಿಗೆ ನೀಳವಾಯಿತು, ಅದು ಚಿಮ್ಮಿತು. ಮುಹನ್ನಾ ಹಗ್ಗ ಜಗ್ಗಿದ, ಅದು ಕೇಳಲಿಲ್ಲ. ಹಿಡಿದ ಕೈ ಸುಬೈತ್‌ನ ತೋಳನ್ನು ಮುಂದಕ್ಕೆ ಎಳೆಯಿತು, ಅವನು ಅರ್ಧ ರೀಮ್‌ನ ಮೇಲೆ, ಅರ್ಧ ಗಾಳಿಯಲ್ಲಿ ಉಳಿದ. ಬಿಡು ಅಣ್ಣಾ, ಬಿಟ್ಟುಬಿಡು, ಎಂದು ಸಲೂಮಾ ನಾದಿನಿಯ ಅಂಗೈಯೊಳಗೇ ಬೇಡಿಕೊಂಡಳು. ಅವನು ಬಿದ್ದರೆ ಹಿಂದೆ ಬರುತ್ತಿರುವ ಜೋಡಿಯ ಕಾಲಡಿಗೆ ಬೀಳುತ್ತಾನೆ. ಜೋಡಿ ಹಾಳಾಗಲಿ, ಮಾನ ಹಾಳಾಗಲಿ, ಅವನು ಉಳಿದರೆ ಸಾಕು.

ಅವನು ಬಿಡಲಿಲ್ಲ. ಎಡಗೈಯ ಬೆತ್ತವನ್ನು ರೀಮ್‌ನ ಪಕ್ಕೆಗೆ ತಾಗಿಸಿ, ಸಲೂಮಾ ಜನ್ಮದಲ್ಲೇ ಕೇಳದ ಯಾವುದೋ ಬೈಗುಳ ಕೂಗಿದ. ವಯಸ್ಸಾದ ರೀಮ್‌ಗೆ ಎಲ್ಲಿತ್ತೋ ಆ ಓಟ. ಒಂದು ಗೇಣು ಬಂತು, ಇನ್ನೊಂದು ಗೇಣು ಬಂತು, ಮೂತಿಗೆ ಮೂತಿ ಕೂಡಿತು. ಹಾದಿಯ ಕೊನೆಯ ಗೂಟವನ್ನು ಎರಡೂ ಒಟ್ಟಿಗೇ ದಾಟಿದವು, ಆ ದಿನ ಬೇರೆ ಯಾವ ಜೋಡಿಯೂ ಓಡದಷ್ಟು ಜೋರಾಗಿ.

ಜನ ಹುಚ್ಚೆದ್ದು ಕೂಗಿದರು. ಬಿಳಿ ಟೋಪಿಯ ಪ್ರವಾಸಿ ಹೆಂಗಸೊಬ್ಬಳು ಹಾದಿ ದಾಟಿ ಬಂದು, ಗೈಡನ ಕೈಲಿ ಕೇಳಿಸಿದಳು, ಗೆದ್ದವರು ಯಾರು ಅಂತ.

"ಇಬ್ರೂ ಸೋಲಲಿಲ್ಲ ಅಂತ ಹೇಳಪ್ಪಾ," ಎಂದಳು ಝಯಾನಾ.

ಸಲೂಮಾ ಆಗಲೇ ಓಡುತ್ತಿದ್ದಳು.

ಒಂಟೆಗಳು ಮಂಡಿಯೂರಿ ಕೂತಿದ್ದವು. ಸುಬೈತ್ ಇಳಿದು ಮರಳಿನ ಮೇಲೆ ಕೂತಿದ್ದ, ಪಕ್ಕದಲ್ಲಿ ಮುಹನ್ನಾ. ಕೈಗಳು ಆಗತಾನೆ ಬೇರೆಯಾಗಿದ್ದವು. ಸುಬೈತ್‌ನ ಬಲಗೈ ಮಣಿಕಟ್ಟಿನಿಂದ ಬೆರಳ ತುದಿಯವರೆಗೆ ಊದಿ, ಕೆಂಪಗಾಗಿ, ತೊಡೆಯ ಮೇಲೆ ಬಿದ್ದಿತ್ತು.

"ಬಿಟ್ಬಿಡಿ ಚಿಕ್ಕಪ್ಪಾ ಅಂತ ನಾನೇ ಹೇಳ್ದೆ ಅಮ್ಮಾ," ಎಂದ ಮುಹನ್ನಾ. "ಬಾಯ್ಮುಚ್ಚು ಅಂದ್ರು."

"ತಪ್ಪು ನಂದು," ಎಂದಳು ಸಲೂಮಾ. ಮುಸುಕಿನ ಹಿಂದೆ ಅವಳ ಕಣ್ಣು ತುಂಬಿತ್ತು. "ಬಿಟ್ಟಿದ್ರೆ ಯಾರೇನಂತಿದ್ರು ಅಣ್ಣಾ? ಜೀವಕ್ಕಿಂತ ಹೆಚ್ಚಾ?"

"ಖರ್ಜೂರ ಸಣ್ಣದಾಯ್ತು. ನಿನಗೆ ಗೊನೆಯನ್ನೇ ಕೊಡಬೇಕಿತ್ತು," ಎಂದ ಸುಬೈತ್. ಮುಹನ್ನಾನ ಕಡೆ ತಿರುಗಿದ. "ಅಪ್ಪನ ಹಾಗೇ ಹಿಡೀತಾನೆ. ಹೆಬ್ಬೆರಳು ಮೇಲೆ. ಅಂಥಾ ಕೈ ಬಿಡೋಕಾಗತ್ತಾ?"

ಸಲೂಮಾ ಕಾಫಿಯ ಹೂಜಿ ತಂದಳು. ಬಟ್ಟಲಿಗೆ ಸುರಿದು ಕೊಟ್ಟಳು. ಸುಬೈತ್ ಬಲಗೈ ಎತ್ತಿದ. ಬೆರಳು ಮಡಚಲಾಗಲಿಲ್ಲ, ಬಟ್ಟಲು ಮರಳಿಗೆ ಜಾರಿತು. ಎಡಗೈಯಲ್ಲಿ ಕುಡಿಯುವವನಲ್ಲ ಅವನು. ಮುಹನ್ನಾ ಬಟ್ಟಲನ್ನು ಎತ್ತಿ, ಅಂಗಿಯ ತುದಿಯಿಂದ ಒರೆಸಿ, ತುಂಬಿಸಿಕೊಂಡು, ಅವನ ತುಟಿಗೆ ಹಿಡಿದ.

ಸುಬೈತ್ ಕುಡಿದ. ಸಲೂಮಾ ಸುರಿದಳು. ಮತ್ತೆ ಕುಡಿದ, ಮತ್ತೆ ಸುರಿದಳು. ಸಾಕು ಅನ್ನಬೇಕಾದವರು ಖಾಲಿ ಬಟ್ಟಲನ್ನು ಅಲ್ಲಾಡಿಸಿ ತೋರಿಸಬೇಕು. ಅಲ್ಲಿಯವರೆಗೂ ಸುರಿಯುವವರು ನಿಲ್ಲಿಸುವಂತಿಲ್ಲ. ಬಟ್ಟಲು ಮುಹನ್ನಾನ ಕೈಯಲ್ಲಿತ್ತು, ಅವನು ಅಲ್ಲಾಡಿಸಲಿಲ್ಲ. ಸುಬೈತ್‌ಗೆ ಬಾಯಿಂದ ಹೇಳಬಹುದಿತ್ತು. ಅವನೂ ಹೇಳಲಿಲ್ಲ. ಹುಡುಗನ ಕೈಯಿಂದ ಪುಟ್ಟ ಪುಟ್ಟ ಗುಟುಕಾಗಿ ಕುಡಿಯುತ್ತಲೇ ಹೋದ, ಹೂಜಿ ಹಗುರಾಗುವವರೆಗೂ.