ಪೆಟ್ಟಿಗೆಯೊಳಗೆ ಸಿಕ್ಕಿಬಿದ್ದ ಬಡಗಿ

ನನ್ನ ಅತ್ತೆ ನನಗಿಟ್ಟ ಹೆಸರು ತೂತು ಕೊಡ. ಮದುವೆಯಾದ ಮೊದಲ ತಿಂಗಳಲ್ಲೇ ಇಟ್ಟದ್ದು. ಮಗಳ ಹುಟ್ಟುಹಬ್ಬಕ್ಕೆಂದು ಅವರು ಗುಟ್ಟಾಗಿ ತಂದಿಟ್ಟಿದ್ದ ಹೊಲಿಗೆ ಯಂತ್ರದ ವಿಷಯವನ್ನು ನಾನು ಬೀದಿಗೆಲ್ಲ ಸಾರಿ, ಕೊನೆಗೆ ಹೆಂಡತಿಗೂ ಹೇಳಿಬಿಟ್ಟಿದ್ದೆ. ಏನು ಮಾಡಲಿ, ನಾನು ಬಡಗಿ. ದಿನವೆಲ್ಲ ಯಾರದೋ ಮನೆಯಲ್ಲಿ ಮರ ಕೊಯ್ಯುವವನು. ಕೈ ದುಡಿಯುವಾಗ ಬಾಯಿ ಸುಮ್ಮನೆ ಬಿದ್ದಿರಬೇಕೇ? ಈ ಮನೆಯ ಸುದ್ದಿ ಆ ಮನೆಗೆ, ಆ ಮನೆಯದು ಇನ್ನೊಂದಕ್ಕೆ, ಹೀಗೆ ನನ್ನ ಸಂಸಾರ ಸಾಗುತ್ತಿತ್ತು.

ದೇವರು ದಿಂಡರ ಗೋಜಿಗೆ ಹೋದವನಲ್ಲ ನಾನು. ಹುಟ್ಟಿದಾಗ ತಲೆಗೆ ಜ್ಞಾನಸ್ನಾನದ ನೀರು ಬಿದ್ದದ್ದು ನಿಜ, ಆದರೆ ಅದು ಆವತ್ತೇ ಆರಿಹೋಯಿತು ಎನ್ನುತ್ತಿದ್ದೆ. ಅತ್ತೆ ಮಾತ್ರ ಉಸಿರಾಡುವುದೇ ಯೇಸುಸ್ವಾಮಿಯ ಅಪ್ಪಣೆ ಕೇಳಿ. ಭಾನುವಾರದ ಊಟಕ್ಕೆ ಎಲ್ಲರೂ ಅವರ ಮನೆಯಲ್ಲಿ ಸೇರಿದಾಗ ಒಂದು ಕಡೆ ಅವರು, ಇನ್ನೊಂದು ಕಡೆ ನಾನು ಮತ್ತು ನನ್ನ ಭಾಮೈದ. ಅವರ ಮಗನೇ, ಬೇರೆ ಯಾರೂ ಅಲ್ಲ. ಸಂಜೆ ಹೊತ್ತು ಒಂದು ಕಾಫಿ ಅಂಗಡಿಯಲ್ಲಿ ಮೈಕು ಹಿಡಿದು ಜನರನ್ನು ನಗಿಸುವುದು ಅವನ ಉದ್ಯೋಗ. ತಾಯಿಯ ಭಕ್ತಿಯೇ ಅವನ ಬಂಡವಾಳ. ಅವರ ಜಪಸರ, ಅವರ ಉಪವಾಸ, ನಿದ್ದೆಗಣ್ಣಿನಲ್ಲಿ ಶಿಲುಬೆಗೆ ಬದಲು ಗೋಡೆಯ ಗಡಿಯಾರಕ್ಕೆ ಕೈಮುಗಿದದ್ದು, ಎಲ್ಲವೂ ಆ ಮೈಕಿನಲ್ಲಿ ಬಂದಿದೆ. ಸರಕು ಒದಗಿಸಿದವನು ಯಾರು ಎಂದು ನಾನು ಬೇರೆ ಹೇಳಬೇಕಾಗಿಲ್ಲ.

ಹೀಗಿರುವಾಗ ಚರ್ಚಿನ ಫಾದರ್ ಹೇಳಿಕಳಿಸಿದರು. ಪಾಪನಿವೇದನೆಯ ಪೆಟ್ಟಿಗೆಯ ಬಾಗಿಲು ಕಿರುಗುಟ್ಟುತ್ತದೆ, ಮಾಡಿದ ಪಾಪಕ್ಕಿಂತ ಬಾಗಿಲ ಸದ್ದಿಗೇ ಜನ ಹೆದರುತ್ತಿದ್ದಾರೆ, ಬಂದು ನೋಡು ಅಂತ. ಪೆಟ್ಟಿಗೆ ಎಂದರೆ ಎರಡು ಬೀರು ಜೋಡಿಸಿಟ್ಟಷ್ಟು ದೊಡ್ಡದು. ಒಂದು ಗೂಡಿನಲ್ಲಿ ಫಾದರ್ ಕೂರುತ್ತಾರೆ, ಅದಕ್ಕೆ ಬಾಗಿಲು. ಪಕ್ಕದ್ದರಲ್ಲಿ ತಪ್ಪು ಹೇಳಿಕೊಳ್ಳಲು ಬಂದವರು ಮಂಡಿಯೂರುತ್ತಾರೆ. ನಡುವೆ ಮುಖ ಕಾಣದಂತೆ ಒಂದು ಜಾಲರಿ.

ಆವತ್ತು ಫಾದರ್ ಹಲ್ಲು ಕೀಳಿಸಿಕೊಳ್ಳಲು ಹೋಗಿದ್ದರು. ನಾನು ಹಳೆಯ ಬಿಜಾಗರಿ ಕಿತ್ತು ಹೊಸದು ಕೂರಿಸಿದೆ, ಹೊರಗಡೆ ಹೊಸ ಚಿಲಕ ಜೋಡಿಸಿದೆ, ಒಳಗಿನಿಂದ ಹೇಗೆ ಕೂರುತ್ತದೋ ನೋಡೋಣವೆಂದು ಒಳಹೊಕ್ಕು ಬಾಗಿಲೆಳೆದುಕೊಂಡೆ. ಹೊರಗೆ ಚಿಲಕ ಕಟಕ್ಕನೆ ಬಿತ್ತು. ತಳ್ಳಿದರೆ ಬಾಗಿಲು ಅಲ್ಲಾಡಲೊಲ್ಲದು. ಅಷ್ಟು ಗಟ್ಟಿಯಾಗಿ ಮಾಡಿದ್ದೆ ನೋಡಿ, ನನ್ನ ಕೆಲಸಕ್ಕೆ ನಾನೇ ಉಗಿದುಕೊಂಡೆ. ಸ್ಕ್ರೂಡ್ರೈವರ್ ಹೊರಗೆ, ನಾನು ಒಳಗೆ, ಬಾಯಲ್ಲಿ ಕಚ್ಚಿಕೊಂಡ ನಾಲ್ಕು ಸ್ಕ್ರೂ. ಫಾದರ್ ಬಂದು ತೆಗೆಯುವವರೆಗೆ ನಿಂತಿರುವುದೇಕೆಂದು ಅವರ ಆಸನದ ಮೇಲೆ ಕೂತೆ. ಆ ಆಸನದಡಿ ಒಂದು ಸ್ವಿಚ್ಚಿದೆ, ಕೂತರೆ ಪೆಟ್ಟಿಗೆಯ ನೆತ್ತಿಯ ಮೇಲೆ ಕೆಂಪು ದೀಪ ಹತ್ತಿ ‘ಫಾದರ್ ಇದ್ದಾರೆ, ಬನ್ನಿ’ ಎಂದು ಊರನ್ನೇ ಕರೆಯುತ್ತದೆ ಎಂಬುದು ಚರ್ಚು ಬಿಟ್ಟ ನನ್ನಂಥವನಿಗೆ ಹೇಗೆ ಗೊತ್ತಾಗಬೇಕು?

ಪಕ್ಕದ ಗೂಡಿನಲ್ಲಿ ಯಾರೋ ಮಂಡಿಯೂರಿದ ಸದ್ದಾಯಿತು. ಪಿಸುಮಾತು ಶುರುವಾಯಿತು. ಸ್ಕ್ರೂಗಳನ್ನು ಉಗುಳಿ ‘ಅಮ್ಮಾ, ನಾನು ಬಡಗಿ’ ಎನ್ನಬೇಕು, ಅಷ್ಟರಲ್ಲಿ ಧ್ವನಿಯ ಗುರುತು ಸಿಕ್ಕಿತು. ನನ್ನ ಅತ್ತೆ!

ಅವರು ಏನು ಹೇಳಿದರು ಅಂತೀರಾ? ಹೇಳುವುದಿಲ್ಲ. ಕತ್ತು ಉದ್ದ ಮಾಡಬೇಡಿ. ಆ ಹೊತ್ತಿಗಾಗಲೇ ನಾನು ಬಾಯಿ ತೆರೆಯುವ ಹಂತ ದಾಟಿಹೋಗಿತ್ತು, ಅಷ್ಟೇ. ಅರ್ಧ ಕೇಳಿಸಿಕೊಂಡು ‘ಅತ್ತೆ, ನಾನು ನಿಮ್ಮ ಅಳಿಯ’ ಎಂದರೆ ಆ ಹೆಂಗಸು ಅಲ್ಲೇ ಎದೆ ಒಡೆದುಕೊಳ್ಳುತ್ತಿದ್ದರು. ಅವರದು ಮೊದಲೇ ದುರ್ಬಲ ಎದೆ, ಮುಂದಿನ ವಾರ ಆಪರೇಷನ್ ನಿಗದಿಯಾಗಿತ್ತು. ಕಿವಿ ಮುಚ್ಚಿಕೊಳ್ಳಲು ನೋಡಿದೆ, ಇಕ್ಕಟ್ಟಿನಲ್ಲಿ ಮೊಣಕೈ ಎತ್ತಲೂ ಜಾಗವಿರಲಿಲ್ಲ. ಅವರು ಅತ್ತರು. ನಾನು ಯಾವತ್ತೂ ಅವರ ಅಳು ಕೇಳಿದವನಲ್ಲ. ಕೊನೆಗೆ, “ನನಗೆ ಕ್ಷಮೆ ಇದೆಯಾ ಫಾದರ್?” ಎಂದರು. ಬಾಯಲ್ಲಿ ಸ್ಕ್ರೂ ಇದ್ದವನು ಏನಂದೇನು? “ಹೂಂ” ಎಂದೆ.

ಅವರು ನಿಟ್ಟುಸಿರು ಬಿಟ್ಟು, ಎದ್ದು ಹೋದರು. ಹೆಜ್ಜೆ ಹಗುರವಾಗಿತ್ತು.

ಫಾದರ್ ಬಂದು ಚಿಲಕ ತೆಗೆದಾಗ ಅವರ ಒಂದು ಕೆನ್ನೆ ಬನ್ನಿನ ಹಾಗೆ ಊದಿತ್ತು. ನನ್ನ ಮುಖ ನೋಡಿದರು, ತಲೆಯ ಮೇಲಿನ ಕೆಂಪು ದೀಪ ನೋಡಿದರು. “ಯಾರಾದ್ರೂ ಬಂದಿದ್ರಾ?” ಎಂದರು. ನಾನು ಬಾಯಿ ತೆರೆದದ್ದೇ ತಡ, ಚಕ್ಕನೆ ಅಂಗೈಯಿಂದ ಮುಚ್ಚಿದರು.

“ಯಾರು ಅಂತ ಹೇಳ್ಬೇಡ. ಏನು ಅಂತಾನೂ ಬೇಡ. ಇಲ್ಲಿ ಕಿವಿಗೆ ಬಿದ್ದದ್ದು ಇಲ್ಲೇ ಹೂತುಹೋಗಬೇಕು. ನನಗೂ ಅದೇ ನಿಯಮ, ಅಪ್ಪಿತಪ್ಪಿ ಕೇಳಿಸಿಕೊಂಡವರಿಗೂ ಅದೇ ನಿಯಮ.”

“ಫಾದರ್, ನಾನು ಇದನ್ನೆಲ್ಲ ನಂಬೋದೇ ಇಲ್ವಲ್ಲ!”

“ನಿನ್ನ ನಂಬಿಕೆ ಯಾರು ಕೇಳಿದ್ರಪ್ಪಾ? ಕಿವಿ ಇದೆಯಲ್ಲ, ಸಾಕು.”

“ಹೋಗ್ಲಿ, ಇಷ್ಟು ಹೇಳಿ. ನಾನು ಹೂಂ ಅಂದುಬಿಟ್ಟೆ. ಅವರಿಗೆ ಕ್ಷಮೆ ಸಿಕ್ಕಿದ ಲೆಕ್ಕಾನಾ?”

ಫಾದರ್ ಊದಿದ ಕೆನ್ನೆ ಹಿಡಿದುಕೊಂಡು ಬೆಂಚಿನ ಮೇಲೆ ಕೂತರು. “ದೇವರು ಅವರ ಮನಸ್ಸು ನೋಡಿರ್ತಾನೆ, ಅದು ಬೇರೆ ಮಾತು. ಆದ್ರೆ ಅವರು ಇಲ್ಲಿ ಏನು ಕೇಳೋಕೆ ಬಂದ್ರೋ ಅದನ್ನ ಕೊಡೋಕೆ ನಿನ್ನಿಂದ ಆಗಲ್ಲ. ಸಿಕ್ತು ಅಂದುಕೊಂಡು ಹೋಗಿದ್ದಾರೆ, ಪಾಪ, ಸಿಕ್ಕಿಲ್ಲ. ಹೇಳೋದಾದ್ರೆ ಅವರೊಬ್ಬರಿಗೇ ಹೇಳು. ಬೇರೆ ಒಂದು ನರಪಿಳ್ಳೆಗೂ ಬೇಡ.”

ಅಲ್ಲಿಂದ ಶುರುವಾಯಿತು ನನ್ನ ಫಜೀತಿ. ನಾಲಿಗೆ ತುರಿಸುವುದು ಎಂದರೇನೆಂದು ನನಗೆ ಗೊತ್ತಾದದ್ದು ಆಗಲೇ. ಹೆಂಡತಿ ಪಕ್ಕದಲ್ಲಿ ಕೂತರೆ ಎದ್ದು ಹೋಗುತ್ತಿದ್ದೆ. ಕೆಲಸದ ಮನೆಯವರು, “ಏನು ಬಡಗಿಗಳೇ, ಹುಷಾರಿಲ್ವಾ? ಒಂದು ಸುದ್ದೀನೂ ಇಲ್ಲ” ಎಂದರು. ಭಾಮೈದ ಫೋನು ಮಾಡಿ, “ಭಾವ, ಚರ್ಚಲ್ಲಿ ಕೆಲಸ ಮಾಡಿದ್ರಂತೆ, ಏನಾದ್ರೂ ಸರಕು ಸಿಕ್ತಾ?” ಎಂದು ಹಲ್ಲು ಕಿರಿದ. ಅಯ್ಯೋ, ಸಿಕ್ಕಿತ್ತು! ಅವನ ಜನ್ಮದಲ್ಲಿ ಅಂಥ ಸರಕು ಅವನಿಗೆ ಸಿಗುವುದಿಲ್ಲ. ಪಾದ್ರಿಯ ಆಸನದಲ್ಲಿ ಕೂತು ಸ್ವಂತ ಅತ್ತೆಯ ಪಾಪ ಕೇಳಿದ ನಾಸ್ತಿಕ ಅಳಿಯ! ಕಾಫಿ ಅಂಗಡಿಯ ಕುರ್ಚಿಗಳೆಲ್ಲ ಉರುಳಿಬೀಳುವಂತೆ ನಗುತ್ತಿದ್ದರು ಜನ. “ಬಾಗಿಲು ರಿಪೇರಿ, ಅಷ್ಟೇ” ಎಂದು ಫೋನಿಟ್ಟೆ. ಹೊಟ್ಟೆ ಉಬ್ಬರಿಸಿಕೊಂಡು ನನ್ನ ಮರಗೆಲಸದ ಅಂಗಡಿಯಲ್ಲಿ ಒಬ್ಬನೇ ಕೂತು ಸುಮ್ಮನೆ ಒಂದು ಹಲಗೆ ಕೀಸಿದೆ. ಆ ಹಲಗೆ ಕೊನೆಗೆ ಅಡಿಕೋಲಿನಷ್ಟಾಯಿತು.

ಆದರೆ ನಿದ್ದೆಗೆಡಿಸಿದ್ದು ಬಾಯಿಚಪಲವಲ್ಲ. ಆ ‘ಹೂಂ’. ನನಗೆ ಸ್ವರ್ಗವೂ ಇಲ್ಲ, ನರಕವೂ ಇಲ್ಲ, ಸರಿ. ಅವರಿಗೆ ಇದೆಯಲ್ಲ! ಆಪರೇಷನ್ ಟೇಬಲ್ಲಿನ ಮೇಲೆ ಏನಾದರೂ ಹೆಚ್ಚುಕಮ್ಮಿಯಾದರೆ, ಕ್ಷಮೆ ಸಿಕ್ಕಿತೆಂದು ನಂಬಿ ಹೋಗುವ ಆ ಹೆಂಗಸಿಗೆ ಸಿಕ್ಕಿದ್ದು ಸ್ಕ್ರೂ ಕಚ್ಚಿಕೊಂಡವನ ಒಂದು ಹೂಂಕಾರ. ಇದಕ್ಕಿಂತ ದೊಡ್ಡ ಮೋಸ ನಾನು ಯಾರಿಗೂ ಮಾಡಿರಲಿಲ್ಲ. ಹೇಳಿದರೆ ನಾಚಿಕೆಯಿಂದ ಸಾಯುತ್ತಾರೆ, ಹೇಳದಿದ್ದರೆ ಹೀಗೆ.

ಭಾನುವಾರ ಊಟಕ್ಕೆ ಕೂತೆವು. ಅತ್ತೆಯ ಮುಖದಲ್ಲಿ ಎಂದೂ ಇಲ್ಲದ ಕಳೆ. “ಇನ್ನು ನನಗೆ ಹೆದರಿಕೆ ಇಲ್ಲ. ಹೊರೆ ಇಳಿಸಿ ಬಂದಿದ್ದೀನಿ,” ಎಂದರು.

ಭಾಮೈದನಿಗೆ ಅಷ್ಟು ಸಾಕಾಯಿತು. “ಅಮ್ಮ, ಯಾವ ಕಾಲದಲ್ಲಿದ್ದೀಯ? ಈಗ ಜನ ಎಲ್ಲಾನೂ ಫೋನಿಗೇ ಹಾಕ್ತಾರೆ. ಬೆಳಿಗ್ಗೆ ಏನು ತಿಂದ್ರು, ರಾತ್ರಿ ಯಾರ ಜೊತೆ ಜಗಳ ಆಡಿದ್ರು, ಎಲ್ಲಾ. ಗುಟ್ಟು ಅನ್ನೋದೇ ಹಳೇ ಸಾಮಾನು. ನಿಮ್ಮ ಫಾದರ್ ಮಾತ್ರ ಇಟ್ಟುಕೊಂಡಿರ್ತಾರಾ? ಸಂಜೆ ಒಂದು ಗುಟುಕು ಒಳಗೆ ಹೋದ್ರೆ ಸಾಕು, ನಿನ್ನ ಪಾಪ ಎಲ್ಲಾ ಊರ ಬಾಯಲ್ಲಿ!”

ಅತ್ತೆಯ ಕೈ ತಟ್ಟೆಯಲ್ಲೇ ನಿಂತಿತು. ಮುಖದ ಕಳೆ ಇಳಿದುಹೋಯಿತು. ಅದನ್ನು ನೋಡಿ ನನಗೆ ಎಲ್ಲಿತ್ತೋ ಸಿಟ್ಟು, ನೆತ್ತಿಗೇರಿತು.

“ಮುಚ್ಚೋ ಬಾಯಿ!” ಎಂದೆ. “ಇವತ್ತು ಲೋಕದಲ್ಲಿ ಎಲ್ಲರ ಬಾಯೀನೂ ತೆರೆದೇ ಇದೆ. ನಿಂದು, ನಂದು, ಆ ಫೋನಿಂದು. ಮನುಷ್ಯ ಹೇಳಿಕೊಂಡು ಅಳೋಕೆ, ಹೇಳಿದ್ದು ಹೊರಗೆ ಹೋಗದೇ ಇರೋಕೆ, ಅಂತ ಒಂದು ಜಾಗ ಉಳಿದಿದ್ರೆ ನಿನಗೇನೋ ಹೊಟ್ಟೆಕಿಚ್ಚು? ಆ ಪೆಟ್ಟಿಗೇಲಿ ಹೇಳಿದ್ದು ಹೊರಗೆ ಬರಲ್ಲ. ಬರಲ್ಲ ಅಂದ್ರೆ ಬರಲ್ಲ!”

ಹೆಂಡತಿ ನನ್ನ ಹಣೆ ಮುಟ್ಟಿ ನೋಡಿದಳು. ಭಾಮೈದ, “ಭಾವ, ಯಾವಾಗಿಂದ ಪೋಪ್ ಪಾರ್ಟಿ ಸೇರಿದ್ರಿ?” ಎಂದ. ಅತ್ತೆ ನನ್ನನ್ನೇ ನೋಡುತ್ತಿದ್ದರು.

ಊಟವಾದ ಮೇಲೆ ಅವರು ಅಡುಗೆಮನೆಯಲ್ಲಿ ತಟ್ಟೆ ತೊಳೆಯುತ್ತಿದ್ದರು. ನಾನು ಹೋಗಿ ಒರೆಸುವ ಬಟ್ಟೆ ಹಿಡಿದು ಪಕ್ಕದಲ್ಲಿ ನಿಂತೆ.

“ಅತ್ತೆ, ಆವತ್ತು ಪೆಟ್ಟಿಗೆ ಒಳಗೆ ಫಾದರ್ ಇರ್ಲಿಲ್ಲ. ಹಲ್ಲು ಕೀಳಿಸೋಕೆ ಹೋಗಿದ್ರು.”

“ಮತ್ತೆ ಹೂಂ ಅಂದಿದ್ದು?”

“ನಾನು. ಚಿಲಕ ಬಿದ್ದು ಸಿಕ್ಕಿಹಾಕಿಕೊಂಡಿದ್ದೆ.”

ನಲ್ಲಿ ಸುರಿಯುತ್ತಲೇ ಇತ್ತು. ಅವರು ಎರಡು ಕೈಯಿಂದಲೂ ಸಿಂಕನ್ನು ಗಟ್ಟಿಯಾಗಿ ಹಿಡಿದುಕೊಂಡರು. “ಎಲ್ಲಾ ಕೇಳಿಸ್ತಾ?”

“ಎಲ್ಲಾ.”

“ಮಗಳಿಗೆ ಹೇಳಿದ್ರಾ?”

“ಇಲ್ಲ.”

“ಆ ಹಾಳಾದವನಿಗೆ?”

“ಇಲ್ಲ ಅತ್ತೆ.”

“ಸುಳ್ಳು. ನಿಮ್ಮ ಹೊಟ್ಟೇಲಿ ಒಂದು ಮಾತು ನಿಂತದ್ದುಂಟಾ?”

“ಅಜೀರ್ಣ ಆಗಿದೆ. ಆದ್ರೂ ನಿಂತಿದೆ.”

ಅವರು ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಭುಜ ಕುಲುಕುತ್ತಿತ್ತು. ಅಳುತ್ತಿದ್ದಾರೆಂದು ನಾನು ಕೈಕೈ ಹಿಸುಕಿಕೊಂಡೆ. ಸೆರಗು ತೆಗೆದಾಗ ನೋಡಿದರೆ, ಕಣ್ಣಲ್ಲಿ ನೀರು, ಬಾಯಲ್ಲಿ ನಗು. “ಮದುವೆ ಆದಾಗಿನಿಂದ ನಿಮಗೋಸ್ಕರ ಜಪಸರ ಹೇಳ್ತಿದ್ದೀನಿ, ಗೊತ್ತಾ? ಸ್ವಾಮೀ, ಈ ಮನುಷ್ಯನಿಗೆ ಒಂದೇ ಒಂದು ಒಳ್ಳೆ ಗುಣ ಕೊಡಪ್ಪಾ ಅಂತ. ಕೊಡ್ತಾನೆ ಸರಿ, ನನ್ನ ಮಾನ ಅಡ ಇಟ್ಟುಕೊಂಡೇ ಕೊಡಬೇಕಾ?”

ಆಮೇಲೆ ಮುಖ ಸಣ್ಣದಾಯಿತು. “ಅದನ್ನೆಲ್ಲ ಮತ್ತೆ ಹೇಳಬೇಕಾ? ಒಂದು ಸಲ ಹೇಳೋಕೇ ಇಷ್ಟು ವರ್ಷ ಬೇಕಾಯ್ತು,” ಎಂದರು. ಸಿಂಕಿನಲ್ಲಿದ್ದ ತಟ್ಟೆ ಉಜ್ಜುತ್ತ, ನನ್ನ ಕಡೆ ನೋಡದೆ ಕೇಳಿದರು, “ಕೇಳಿದಾಗ ನಿಮಗೆ ಏನನ್ನಿಸ್ತು?”

“ಸಂಕಟ ಆಯ್ತು ಅತ್ತೆ. ಅಸಹ್ಯ ಆಗ್ಲಿಲ್ಲ. ಇಷ್ಟು ಕಾಲ ಒಬ್ಬರೇ ಹೇಗೆ ಹೊತ್ತುಕೊಂಡಿದ್ರಿ ಅಂತ ಅನ್ನಿಸ್ತು.”

ಅವರು ನಲ್ಲಿ ನಿಲ್ಲಿಸಿದರು. “ನಡೀರಿ. ನೀವೇ ಕರ್ಕೊಂಡು ಹೋಗಿ,” ಎಂದರು.

ಫಾದರ್ ಸ್ವತಃ ಒಳಗೆ ಕೂತದ್ದನ್ನು ನಾನು ಬಗ್ಗಿ ನೋಡಿ ಖಾತ್ರಿ ಮಾಡಿಕೊಂಡೆ. ಕೆಂಪು ದೀಪ ಹತ್ತಿತು. ಅತ್ತೆ ಮಂಡಿಯೂರಿದರು. ನಾನು ಕೊನೆಯ ಬೆಂಚಿಗೆ ಓಡಿ ಎರಡೂ ಕಿವಿಗೆ ಬೆರಳು ತುರುಕಿ, ಸಾಲದ್ದಕ್ಕೆ ಸಾರಾಯಿ ಅಂಗಡಿಯಲ್ಲಿ ಕಲಿತ ಒಂದು ಪೋಲಿ ಹಾಡನ್ನು ಜೋರಾಗಿ ಗುನುಗತೊಡಗಿದೆ. ಮುಂದಿನ ಬೆಂಚಿನ ಮುದುಕಿ ತಿರುಗಿ, “ಇದೇನು ಚರ್ಚೋ ಸಂತೆಯೋ?” ಎಂದು ಛತ್ರಿಯಿಂದ ತಿವಿದಳು. ತಿವಿಯಲಿ, ನಾನು ಬೆರಳು ತೆಗೆಯಲಿಲ್ಲ. ಅತ್ತೆ ಹೊರಬಂದು ನನ್ನ ಭುಜ ತಟ್ಟಿ, “ಬಾಗಿಲು ಚೆನ್ನಾಗಿ ಕೂತಿದೆ,” ಎಂದರು. ನನ್ನ ಕೆಲಸವನ್ನು ಅವರು ಹೊಗಳಿದ್ದು ಅದೇ ಮೊದಲು.

ಆಪರೇಷನ್ ಸಲೀಸಾಗಿ ಆಯಿತು. ನನ್ನನ್ನು ಬೈಯಲು ಇನ್ನಷ್ಟು ಕಾಲ ಬೇಕಿತ್ತೇನೋ, ಗಟ್ಟಿಮುಟ್ಟಾಗಿ ಎದ್ದು ಬಂದರು. ‘ಆ ಒಂದು ಮಾತು ಬಿಟ್ಟು ಬಾಕಿ ಕಥೆ ಯಾರಿಗೆ ಬೇಕಾದರೂ ಹೇಳಿಕೊಳ್ಳಿ, ಇಲ್ಲದಿದ್ದರೆ ನಿಮ್ಮ ಹೊಟ್ಟೆ ಒಡೆದುಹೋದೀತು’ ಎಂದು ಅಪ್ಪಣೆಯನ್ನೂ ಕೊಟ್ಟರು. ಅದಕ್ಕೇ ನಿಮಗೆ ಹೇಳುತ್ತಿದ್ದೇನೆ.

ಎಲ್ಲರಿಗಿಂತ ಮೊದಲು ಅದನ್ನು ಹೇಳಿದ್ದು ಭಾನುವಾರದ ಊಟದ ಮೇಜಿನಲ್ಲಿ, ಅವರ ಎದುರಿಗೇ. ಹೆಂಡತಿ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಭಾಮೈದ ಕುರ್ಚಿ ನನ್ನ ಹತ್ತಿರಕ್ಕೆ ಎಳೆದುಕೊಂಡ. “ಅದೆಲ್ಲ ಸರಿ ಭಾವ. ಅಮ್ಮ ಏನು ಹೇಳಿದ್ರು, ಅದನ್ನ ಹೇಳಿ.”

“ಗೊತ್ತಿಲ್ಲ.”

“ಗೊತ್ತಿಲ್ವಾ? ಯಾರ ಹತ್ರ ನಾಟಕ ಆಡ್ತೀರಾ? ನೀವು ತೂತು ಕೊಡ, ಇವತ್ತಲ್ಲ ನಾಳೆ ಸೋರಲೇಬೇಕು!”

ಅತ್ತೆ ಸೌಟನ್ನು ಮೇಜಿಗೆ ಕುಕ್ಕಿದರು. “ಯಾರನ್ನೋ ತೂತು ಕೊಡ ಅಂತಿದ್ದೀಯ?” ಎಂದು ಮಗನ ಮೇಲೆ ಹರಿಹಾಯ್ದು, ಮೊದಲ ಸೌಟು ನನ್ನ ತಟ್ಟೆಗೆ ಬಡಿಸಿದರು.