ಮಡಿವಾಳ ಹಕ್ಕಿಯ ಬಾಯಲ್ಲಿ ರೇಷ್ಮೆಹುಳು

ರೇಷ್ಮೆ ಸಾಕುವ ನಮ್ಮ ಹುಳುಮನೆಯ ಹಿಂಗೋಡೆಯಲ್ಲಿ ಒಂದು ಇಟ್ಟಿಗೆ ಉದುರಿ ತೂತಾಗಿದೆ. ಅದನ್ನು ಮುಚ್ಚಬಾರದೆಂದು ಯಜಮಾನರ ಜೊತೆ ಜಗಳವಾಡಿ, ಒಳಗಡೆಯಿಂದ ಮಾತ್ರ ಗಾರೆ ಮೆತ್ತಿಸಿದವಳು ನಾನು, ಯಶೋದ. ಬೇಲಿಯ ಹಳೇ ಬೇವು, ಹೊಂಗೆಗಳನ್ನೆಲ್ಲ ಕಡಿದ ಮೇಲೆ ಮಡಿವಾಳ ಹಕ್ಕಿಗೆ ಗೂಡು ಕಟ್ಟಲು ಪೊಟರೆ ಎಲ್ಲಿದೆ? ಒಡೆಯರಪಾಳ್ಯದ ಕಡೆಯ ಕಾಡಿನಿಂದ ಇಳಿದು ಬಂದ ಜೋಡಿ ಅದು. ಕಪ್ಪು ಬಿಳುಪಿನ ಗಂಡು ಬಾಲ ನಿಗುರಿಸಿಕೊಂಡು ಹಾಡುವ ಗತ್ತಿಗೆ ಊರಗೌಡನೂ ನಾಚಬೇಕು. ಈ ಬೇಸಿಗೆಯಲ್ಲಿ ತೂತಿನೊಳಗೆ ನಾಲ್ಕು ಮರಿಗಳಾಗಿದ್ದವು.

ಅಂದು ಬೆಳಿಗ್ಗೆ ಸೊಪ್ಪು ಹಾಕಿದ ಸ್ವಲ್ಪ ಹೊತ್ತಿಗೆ ನಮ್ಮ ರೇಷ್ಮೆಹುಳುಗಳು ತಲೆ ಎತ್ತಿ ತೂಗಾಡತೊಡಗಿದವು, ಬಾಯಿಂದ ಹಸಿರು ನೀರು ಕಾರಿದವು. ನಾಲ್ಕನೇ ಜ್ವರ, ಅಂದರೆ ಪೊರೆ ಕಳಚುವ ಕೊನೆಯ ನಿದ್ದೆ, ದಾಟಿದ ಹುಳುಗಳು, ಇನ್ನೇನು ಗೂಡು ಕಟ್ಟಬೇಕಿತ್ತು. ಪಕ್ಕದ ಹೊಲದ ಮಹದೇವಪ್ರಸಾದ್ ಹಿಂದಿನ ದಿನ ಟೊಮೊಟೊಗೆ ಔಷಧಿ ಹೊಡೆದಿದ್ದ, ಗಾಳಿ ಅದನ್ನು ನಮ್ಮ ಹಿಪ್ಪುನೇರಳೆ ತೋಟಕ್ಕೆ ತಂದು ಸುರಿದಿತ್ತು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ.

ಕೆಟ್ಟ ಹುಳುವನ್ನು ಸುಣ್ಣ ಹಾಕಿ ಹೂಳಬೇಕು, ಹುಳು ಸಾಕುವವರಿಗೆಲ್ಲ ಗೊತ್ತಿರುವ ಮಾತು. ಆದರೆ ನಮ್ಮ ಯಜಮಾನರು ನಿಂಗರಾಜು ಸಿಟ್ಟಿನಲ್ಲಿ ತಟ್ಟೆ ತಟ್ಟೆಯಾಗಿ ತಿಪ್ಪೆಗುಂಡಿಗೆ ಸುರಿದು, ಹಾಗೇ ಬಿಟ್ಟು, ಮಹದೇವಪ್ರಸಾದನ ಮನೆಗೆ ಜಗಳಕ್ಕೆ ಹೋದರು. ನಾನು ಒಳಗೆ ಅಳುತ್ತಾ ಕುಳಿತೆ. ಗುಂಡಿಯ ನೆನಪು ಇಬ್ಬರಿಗೂ ಬರಲಿಲ್ಲ.

ಮುಖ ತೊಳೆಯಲು ಹೊರಗೆ ಬಂದರೆ ಗುಂಡಿಯ ಅಂಚಿನಲ್ಲಿ ಹೆಣ್ಣು ಮಡಿವಾಳ ಕುಳಿತಿತ್ತು. ಕೊಕ್ಕಿನಲ್ಲಿ ಬಿಳೀ ಹುಳು ಇನ್ನೂ ಮಿಸುಕಾಡುತ್ತಿತ್ತು. ಆ ವಿಷದ ಹುಳು ಮರಿಗಳ ಹೊಟ್ಟೆ ಸೇರಿದರೆ ಮುಗಿಯಿತು. ಕೂಗಿಕೊಂಡು ಓಡಿದೆ, ಅದು ನನಗಿಂತ ಮೊದಲು ಗೋಡೆ ಸೇರಿತು.

ತಾರ್ಪಾಲು ಎಳೆದು ಗುಂಡಿ ಮುಚ್ಚಿ, ಡ್ರಮ್ಮಿನ ಮೇಲೆ ಹತ್ತಿ ತೂತಿನೊಳಗೆ ನೋಡಿದೆ. ನಾಲ್ಕೂ ಮರಿಗಳು ಹಳದಿ ಬಾಯಿ ತೆರೆದವು. ಒಂದರ ಗಂಟಲಲ್ಲಿ ಹುಳು ಅರ್ಧ ಇಳಿದಿತ್ತು. ಮರಿ ಮುಟ್ಟಿದರೆ ತಾಯಿ ಬಿಟ್ಟುಹೋಗುತ್ತದೆ ಅನ್ನುತ್ತಾರೆ. ಆದರೂ ಎರಡು ಬೆರಳಿನಲ್ಲಿ ಎಳೆದು ತೆಗೆದೆ. ಅದಕ್ಕೆ ಮೊದಲು ಎಷ್ಟು ನುಂಗಿದ್ದವೋ ಆ ಮಾದಪ್ಪನಿಗೇ ಗೊತ್ತು.

ಕೆಳಗಿಳಿದು, ತಾಯಿ ಬರುತ್ತದೋ ಇಲ್ಲವೋ ಎಂದು ಜೀವ ಬಿಗಿಹಿಡಿದು ನಿಂತೆ. ಬಂತು. ಬೇಲಿಯ ಮೇಲೆ ಕುಳಿತು, ಮುಚ್ಚಿದ ಗುಂಡಿಯನ್ನು ನೋಡಿತು. ಮರಿಗಳು ಕೂಗುತ್ತಿದ್ದವು. ಅದು ನೆಟ್ಟಗೆ ಟೊಮೊಟೊ ಹೊಲಕ್ಕೆ ಹಾರಿತು. ಗಂಡೂ ಹಿಂದೆಯೇ ಹೋಯಿತು.

ಔಷಧಿಗೆ ಸೋತು ಉದುರಿದ ಹುಳುಗಳು ಅಲ್ಲಿ ಸಾಲಿನ ಉದ್ದಕ್ಕೂ ಬಿದ್ದಿದ್ದವು. ಹಕ್ಕಿಗೆ ಅದು ಹಬ್ಬದೂಟ. ಬೇಲಿ ನುಗ್ಗಿ ಮಣ್ಣಿನ ಹೆಂಟೆ ಹೆಕ್ಕಿ, ನಾನೇ ಕಾದುಕೊಂಡು ಬಂದ ಹಕ್ಕಿಗಳ ಮೇಲೆ ಎಸೆಯತೊಡಗಿದೆ. ಅವು ಒಂದು ಸಾಲು ಬಿಟ್ಟು ಇನ್ನೊಂದಕ್ಕೆ ಇಳಿದವು.

ನನ್ನ ಕೂಗಾಟ ಕೇಳಿ, ಜಗಳ ಅರ್ಧಕ್ಕೆ ಬಿಟ್ಟು ಗಂಡಸರಿಬ್ಬರೂ ಓಡಿಬಂದರು. ಮಹದೇವಪ್ರಸಾದ್ ತನ್ನ ಗಿಡ ನೋಡಿ ಕೆಂಡವಾದ.

"ಯಾಕಕ್ಕ, ನನ್ ಟೊಮೊಟೊಗೆ ಯಾಕ್ ಒಡೀತಿದ್ದೀಯಾ?"

"ಟೊಮೊಟೊಗಲ್ಲ ಕಣಪ್ಪ, ಆ ಮಡಿವಾಳದ್ ಅಕ್ಕಿಗೆ. ಈ ಗಿಡದ ಉಳ ಒಯ್ದ್ ಕೊಟ್ರೆ ಮರಿ ಉಳಿಯಾಕಿಲ್ಲ."

ನಮ್ಮ ಯಜಮಾನರು ಬಗ್ಗಿ ಒಂದು ಹೆಂಟೆ ಎತ್ತಿಕೊಂಡರು.

ಗೋಡೆಯ ಕಡೆಯಿಂದ ಮರಿಗಳ ಕೂಗು ಕೇಳುತ್ತಲೇ ಇತ್ತು. ಹಸಿವಿನ ಕೂಗು. ಕೂಗುವಷ್ಟು ಹೊತ್ತು ಬದುಕಿವೆ ಎಂದುಕೊಂಡು, ಅದು ನಿಂತೀತೆಂಬ ಹೆದರಿಕೆಯಲ್ಲಿ ಕಿವಿಯನ್ನು ಅತ್ತಲೇ ಇಟ್ಟು, ಅವುಗಳ ತಾಯಿಯನ್ನು ಹೊಡೆದು ಓಡಿಸುತ್ತಿದ್ದೆ.